ಹವಳದ ದಿಬ್ಬ ಇದ್ದಿದ್ರೆ ಮಾವನ ತೆಂಗಿನ ಮರ ಉಳೀತಿತ್ತಾ?

ಕಡಲಂಚಿನ ಮನೆ (ಹೊನ್ನಾವರ):
ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವನ ಮನೆ ಕಡಲ ಪಕ್ಕದಲ್ಲೇ ಇದೆ. ನಾನು ಚಿಕ್ಕವನಿದ್ದಾಗ ಮನೆಗೂ ನೀರಿಗೂ ನಡುವೆ ನಾಲ್ಕು ಸಾಲು ತೆಂಗಿನ ಮರ ಇದ್ದವು. ಈಗ ಒಂದೂವರೆ ಸಾಲು. ಅರ್ಧ ಸಾಲು ಅಂದೆ ಯಾಕೆಂದರೆ, ಅದರಲ್ಲಿ ಮೂರು ಮರದ ಬೇರು ಹೊರಗೆ ಬಂದು ನೀರಿನ ಕಡೆಗೆ ಬಗ್ಗಿ ನಿಂತಿವೆ. ಈ ಮಳೆಗಾಲ ದಾಟುವುದು ಡೌಟು. ನಾಲ್ಕು ವರ್ಷದ ಹಿಂದೆ ಲಾರಿಗಟ್ಟಲೆ ಕಲ್ಲು ತಂದು ಸುರಿದರು. ಅರ್ಧಕ್ಕರ್ಧ ಕಲ್ಲು ಈಗ ಮರಳೊಳಗೆ ಇಳಿದಿದೆ. ಮೊದಲು ದೋಣಿ ಎಳೆದು ಹಾಕಲು ಜಾಗವಾದರೂ ಇತ್ತು, ಈಗ ಅದೂ ಇಲ್ಲ.

ಮೊನ್ನೆ ಲಕ್ಷದ್ವೀಪದ ಕವರತ್ತಿಯಲ್ಲಿ ಕೆಲಸಕ್ಕಿರುವ ದೊಡ್ಡಪ್ಪನ ಮಗ ಒಂದು ವಿಡಿಯೋ ಕಳಿಸಿದ. ಗಾಳಿ ಭೋರೆನ್ನುತ್ತಿದೆ. ದೂರದಲ್ಲಿ ಉದ್ದಕ್ಕೆ ಒಂದು ಬಿಳಿ ಗೆರೆ, ಅಲೆ ಅಲ್ಲೇ ಒಡೆಯುತ್ತಿದೆ. ಅದರ ಈಚೆ ನೀರು ನಮ್ಮೂರ ದೇವಸ್ಥಾನದ ಕೆರೆಯ ಹಾಗೆ ಸುಮ್ಮನೆ ನಿಂತಿದೆ. "ಅದು ಹವಳದ ದಿಬ್ಬ. ಅದಿಲ್ಲದಿದ್ದರೆ ಈ ಊರೇ ಇಲ್ಲ" ಅಂದ. ಹೌದಾ? ಹಾಗಿದ್ದರೆ ನಮ್ಮಲ್ಲೂ ಹವಳ ಬೆಳೆಸಬಾರದಾ? ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಇದೆ ಅಂತಾರಲ್ಲ. ಗೊತ್ತಿದ್ದವರು ಹೇಳಿ.

ಬೈತಖೋಲದ ಬೋಟು (ಕಾರವಾರ):
ಹವಳ ಬೇಕಾದರೆ ಉಂಗುರಕ್ಕೆ ಹಾಕಿಸಿಕೊಳ್ಳಿ ಮಾರಾಯ್ರೆ, ಕುಜದೋಷಕ್ಕೂ ಆಯ್ತು.

ಕುಮಟೆ ಅಕ್ಕೋರು:
ನಿಮ್ಮ ದೊಡ್ಡಪ್ಪನ ಮಗ ಹೇಳಿದ್ದು ಸರಿ. ಲಕ್ಷದ್ವೀಪದಲ್ಲಿ ಒಟ್ಟು 36 ದ್ವೀಪ, ಜನ ಇರುವುದು ಹತ್ತರಲ್ಲಿ. ಎಲ್ಲಾ ಸೇರಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರ್. ಬಹಳ ಕಡೆ ನೆಲ ಕಡಲಿನಿಂದ ಒಂದೆರಡು ಮೀಟರ್ ಎತ್ತರ, ಅಷ್ಟೇ. ಮಳೆಗಾಲದ ಅಲೆ ಬರುವುದು ಪಶ್ಚಿಮದಿಂದ. ಅಲ್ಲಿ ಹೆಚ್ಚಿನ ದ್ವೀಪಗಳಿಗೆ ದಿಬ್ಬ ಮತ್ತು ತಿಳಿನೀರು ಇರುವುದೂ ಪಶ್ಚಿಮಕ್ಕೇ, ಊರು ಪೂರ್ವದ ಕಡೆ.

ಕೆಲಸ ಹೇಗೆ ನಡೆಯುತ್ತದೆ ಅಂತ ನಾನು ಮಕ್ಕಳಿಗೆ ಹೀಗೆ ಹೇಳುತ್ತೇನೆ. ಅಲೆ ಅಂದರೆ ಮೇಲೆ ಕಾಣುವ ಉಬ್ಬು ಮಾತ್ರ ಅಲ್ಲ, ಅದರ ಕೆಳಗೂ ನೀರು ಸುತ್ತುತ್ತಿರುತ್ತದೆ. ಆಳ ಕಡಿಮೆಯಾದ ಕೂಡಲೇ ಅಲೆಯ ಕಾಲು ನೆಲಕ್ಕೆ ತಾಗುತ್ತದೆ. ಕಾಲು ನಿಧಾನ, ತಲೆ ಜೋರು. ಓಡುವಾಗ ಎಡವಿದವರ ಥರ ಮುಂದಕ್ಕೆ ಮುಗ್ಗರಿಸಿ ಬೀಳುತ್ತದೆ. 3 ಮೀಟರ್ ಎತ್ತರದ ಅಲೆ ಸುಮಾರು 4 ಮೀಟರ್ ಆಳದಲ್ಲಿ ಒಡೆಯುತ್ತದೆ. ಹವಳದ ದಿಬ್ಬದ ನೆತ್ತಿ ಎಷ್ಟೋ ಕಡೆ ಇಳಿತದಲ್ಲಿ ನೀರಿನ ಮಟ್ಟಕ್ಕೇ ಇರುತ್ತದೆ. ಹಾಗಾಗಿ ದೊಡ್ಡ ಅಲೆ ಯಾವುದೂ ದಾಟುವುದಿಲ್ಲ. ದಾಟಿದ ಚೂರುಪಾರು ಕೂಡ ಹವಳದ ಕೊಂಬೆ, ಗುಂಡಿ, ಸಂದಿಗಳಲ್ಲಿ ಉಜ್ಜಿ ಉಜ್ಜಿ ಸುಸ್ತಾಗುತ್ತದೆ.

2014ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ 27 ಅಧ್ಯಯನಗಳನ್ನು ಕೂಡಿಸಿ ನೋಡಿದ ಲೇಖನ ಬಂದಿತ್ತು. ದಿಬ್ಬ ಅಲೆಯ ಶಕ್ತಿಯಲ್ಲಿ ಸರಾಸರಿ ಶೇ 97ರಷ್ಟನ್ನು ತಿಂದುಹಾಕುತ್ತದೆ, ಅದರಲ್ಲಿ ಹೆಚ್ಚಿನದು ನೆತ್ತಿಯಲ್ಲೇ ಅಂತ.

ಕಲ್ಲು ಜಲ್ಲಿ (ಕಾರವಾರ):
97 ಅನ್ನುವ ಸಂಖ್ಯೆ ಕೇಳಿ ಯಾರೂ ಕುಣಿಯಬೇಡಿ. ಅದು ಶಕ್ತಿಯ ಲೆಕ್ಕ, ಎತ್ತರದ್ದಲ್ಲ. ಶಕ್ತಿ ಎತ್ತರದ ವರ್ಗಕ್ಕೆ ತಕ್ಕ ಹಾಗೆ ಹೋಗುತ್ತದೆ. ಅಲೆ ಅರ್ಧ ಆದರೆ ಶಕ್ತಿ ಕಾಲು. ಅದೇ ಲೇಖನದಲ್ಲಿ ಎತ್ತರ ಕಡಿಮೆಯಾಗುವುದು ಸರಾಸರಿ ಶೇ 84. ಅದೂ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಚಂಡಮಾರುತ ಬಂದು ಕಡಲ ಮಟ್ಟವೇ ಎರಡು ಮೀಟರ್ ಏರಿದರೆ ದಿಬ್ಬದ ಮೇಲೆ ನೀರು ಜಾಸ್ತಿ ಆಗುತ್ತದೆ, ಅಲೆಗೆ ದಾರಿ ಸಿಗುತ್ತದೆ. ದಿಬ್ಬ ಬಾಗಿಲಿಗೆ ಹಾಕಿದ ಅಗುಳಿ ಅಲ್ಲ.

ಶಿರಸಿ ಮಾಣಿ:
ಒಂದು ಅಡಿಕೆ ತೋಟದ ಪ್ರಶ್ನೆ. ಹವಳ ಅಂದರೆ ಗಿಡವೋ, ಕಲ್ಲೋ, ಪ್ರಾಣಿಯೋ? ನಗಬೇಡಿ.

ಕುಮಟೆ ಅಕ್ಕೋರು:
ನಗಲ್ಲ ತಮ್ಮಾ. ಪ್ರಾಣಿ. ಅಕ್ಕಿಕಾಳಿನಷ್ಟು, ಕೆಲವು ಇನ್ನೂ ಚಿಕ್ಕದು. ಅದರ ಮೈಯೊಳಗೆ ಒಂದು ಪಾಚಿ ಬಾಡಿಗೆಗೆ ಇರುತ್ತದೆ, ಬಿಸಿಲಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತದೆ. ಪ್ರಾಣಿ ತನ್ನ ಕೆಳಗೆ ಸುಣ್ಣ ಕಟ್ಟುತ್ತಾ ಹೋಗುತ್ತದೆ. ಆ ಸುಣ್ಣವೇ ದಿಬ್ಬ. ಗುಂಡು ಹವಳವಾದರೆ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೂಡ ಬೆಳೆಯುವುದು ಕಷ್ಟ. ಕೊಂಬೆ ಹವಳ 10 ಸೆಂಟಿಮೀಟರ್‌ವರೆಗೂ ಹೋಗುತ್ತದೆ, ಆದರೆ ಬೇಗ ಮುರಿಯುತ್ತದೆ.

ಶಿರಸಿ ಮಾಣಿ:
ಮೂರೂ ಹೌದು ಅನ್ನಿ. ನಾನು ಸೋಲಲಿಲ್ಲ.

ಮಂಜಿಯಲ್ಲಿ ಹತ್ತು ವರ್ಷ (ಭಟ್ಕಳ):
ನಾನು ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಮಂಜಿಯಲ್ಲಿ, ಅಂದರೆ ಸರಕಿನ ದೊಡ್ಡ ದೋಣಿಯಲ್ಲಿ, ಅಕ್ಕಿ, ಸಿಮೆಂಟು, ಇಟ್ಟಿಗೆ ಸಾಗಿಸಿದವನು. ಓದಿದ್ದು ಕಡಿಮೆ, ನೋಡಿದ್ದು ಹೇಳುತ್ತೇನೆ.

ದಿಬ್ಬದಲ್ಲಿ ಒಂದು ಗಂಡಿ ಇರುತ್ತದೆ, ಒಳಗೆ ಹೋಗಲು ಅದೊಂದೇ ದಾರಿ. ಹೊರಗೆ ಇರುವ ತನಕ ಮಂಜಿ ತೊಟ್ಟಿಲ ಹಾಗೆ ತೂಗುತ್ತದೆ. ಒಲೆ ಮೇಲೆ ಪಾತ್ರೆ ನಿಲ್ಲುವುದಿಲ್ಲ, ನಾವು ಅವಲಕ್ಕಿ ಬೆಲ್ಲ ತಿಂದು ಕೂರುತ್ತಿದ್ದೆವು. ಭರತ ನೋಡಿಕೊಂಡು ಗಂಡಿ ದಾಟಿದೆವು ಅಂದರೆ ಎಣಿಸಿ ಎರಡು ನಿಮಿಷ, ಚಹಾ ಲೋಟ ಹಲಗೆ ಮೇಲೆ ಇಟ್ಟರೆ ಅಲುಗುವುದಿಲ್ಲ. ನೀರು ಎಷ್ಟು ತಿಳಿ ಅಂದರೆ ಲಂಗರಿನ ಹಗ್ಗ ತಳ ಮುಟ್ಟುವ ತನಕ ಕಾಣುತ್ತದೆ.

ಒಂದು ವರ್ಷ ಎಂಜಿನ್ ಕೆಟ್ಟು ಮಳೆ ಹಿಡಿಯುವವರೆಗೂ ಅಲ್ಲೇ ಉಳಿದೆ. ರಾತ್ರಿ ಮಲಗಿದರೆ ದಿಬ್ಬದ ಸದ್ದು. ಗೂಡ್ಸ್ ರೈಲು ಹೋಗ್ತಾ ಇದೆ, ಮುಗಿಯುತ್ತಲೇ ಇಲ್ಲ, ಹಾಗೆ. ಕಿವಿ ನೆಲಕ್ಕಿಟ್ಟರೆ ಒಂಚೂರು ನಡುಕ ಕೂಡ ಗೊತ್ತಾಗುತ್ತಿತ್ತು. ಆದರೆ ಬೆಳಿಗ್ಗೆ ಎದ್ದು ನೋಡಿದರೆ ದೋಣಿ ಕಟ್ಟಿದ ಹಗ್ಗ ಸಡಿಲವಾಗಿ ನೀರಿನ ಮೇಲೆ ತೇಲುತ್ತಿತ್ತು. ಬಿಗಿಯೇ ಆಗಿರಲಿಲ್ಲ.

ಕಡಲಂಚಿನ ಮನೆ (ಹೊನ್ನಾವರ):
ಆಹಾ. ಇದನ್ನು ಮಾವನಿಗೆ ಓದಿ ಹೇಳಿದೆ. "ಹಗ್ಗ ಸಡಿಲ" ಅಂದಾಗ ಒಂದು ನಿಮಿಷ ಮಾತಾಡಲಿಲ್ಲ.

ಬೈತಖೋಲದ ಬೋಟು (ಕಾರವಾರ):
ನಿಜ ಹೇಳಿ ಮಂಜಿಯಣ್ಣ, ಅಲ್ಲಿ ಟ್ಯೂನಾ ಬಿಟ್ಟು ಬೇರೆ ಮೀನು ತಿಂತಾರಾ? ನನಗೆ ಬಂಗಡೆ ಇಲ್ಲದೆ ಎರಡು ದಿನ ಆಗಲ್ಲ.

ಮಂಜಿಯಲ್ಲಿ ಹತ್ತು ವರ್ಷ (ಭಟ್ಕಳ):
ಟ್ಯೂನಾ ಒಣಗಿಸಿ ಕಲ್ಲಿನ ಹಾಗೆ ಮಾಡಿ ಇಡುತ್ತಾರೆ, ಮಾಸ್ ಅಂತ. ತೆಂಗಿನಕಾಯಿ ಜೊತೆ ಚೆನ್ನಾಗಿರುತ್ತದೆ. ಟ್ಯೂನಾಕ್ಕೆ ಹಾಕುವ ಸಣ್ಣ ಇರೆಮೀನು ಹಿಡಿಯುವುದೂ ಆ ತಿಳಿನೀರಿನಲ್ಲೇ. ದಿಬ್ಬ ಹೋದರೆ ಅದೂ ಹೋಯಿತು.

ನೇತ್ರಾಣಿ ಡೈವ್ (ಮುರ್ಡೇಶ್ವರ):
ನೇತ್ರಾಣಿ ವಿಷಯ ಬಂತಲ್ಲ, ಅದಕ್ಕೆ ನಾನು. ವಾರಕ್ಕೆ ಮೂರ್ನಾಲ್ಕು ಸಲ ಅದರ ಕೆಳಗೆ ಇಳಿಯುತ್ತೇನೆ. ಹವಳ ಇದೆ, ಸುಳ್ಳಲ್ಲ. ಆದರೆ ಅದು ಬಂಡೆಗೆ ಅಂಟಿಕೊಂಡಿರುವ ಹವಳ, ಇಲ್ಲೊಂದು ಗುಪ್ಪೆ ಅಲ್ಲೊಂದು ಗುಪ್ಪೆ. ಲಕ್ಷದ್ವೀಪದ ಥರ ಹವಳವೇ ಕಟ್ಟಿದ ಗೋಡೆ ಅಲ್ಲ. ದಡದಿಂದ ಸುಮಾರು 10 ನಾಟಿಕಲ್ ಮೈಲು ದೂರ, ಸಣ್ಣ ದ್ವೀಪ. ಅಲೆ ಅದರ ಎರಡೂ ಪಕ್ಕದಿಂದ ಬಳಸಿಕೊಂಡು ಬಂದು ಮತ್ತೆ ಸೇರಿಕೊಳ್ಳುತ್ತದೆ. ಮುರ್ಡೇಶ್ವರಕ್ಕೆ ಅದು ತಡೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಅಂಗಡಿಗಳು ಮಳೆಗಾಲದಲ್ಲಿ ಶಟರ್ ಎಳೆಯುವುದು ಸುಮ್ನೆ ಅಲ್ಲ.

ಬೆಂಗಳೂರಲ್ಲಿ ಕಾರವಾರಿ:
ಅಲ್ಲಿಗೆ ಹೋಗಿ ಡೈವ್ ಮಾಡಿದ್ದೆ. ನನಗೆ ಕಂಡಿದ್ದು ನನ್ನದೇ ಗುಳ್ಳೆ.

ನೇತ್ರಾಣಿ ಡೈವ್ (ಮುರ್ಡೇಶ್ವರ):
ಮೇ ಕೊನೆಗೆ ಬಂದಿರ್ತೀರಿ. ಡಿಸೆಂಬರ್, ಜನವರಿಗೆ ಬನ್ನಿ. ಇನ್ನೊಂದು, ದಯವಿಟ್ಟು ಯಾರೂ ಹವಳದ ಚೂರು ಎತ್ತಿಕೊಂಡು ಬರಬೇಡಿ. 2001ರಿಂದ ಹವಳ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದೆ, ಹುಲಿ ಇದ್ದ ಪಟ್ಟಿಯದು. ಷೋಕೇಸಿನಲ್ಲಿಟ್ಟರೂ ಕೇಸ್ ಆಗುತ್ತದೆ.

ಬೆಂಗಳೂರಲ್ಲಿ ಕಾರವಾರಿ:
ಸರಿ, ಹಾಗಾದರೆ ಇಲ್ಲೇ ಯಾಕೆ ಬೆಳೆಯಲ್ಲ? ಬಿಸಿಲಿದೆ, ಉಪ್ಪು ನೀರಿದೆ, ಬಂಡೆ ಬೇಕಾದಷ್ಟಿದೆ. ಕೂರ್ಮಗಡ, ದೇವಗಡ, ಅಂಜುದೀವ್ ಎಲ್ಲಾ ಬಂಡೆಯೇ ಅಲ್ವಾ?

ಅಘನಾಶಿನಿ ಬಳಚು:
ಜುಲೈನಲ್ಲಿ ಒಂದು ಸಲ ಕಾಳಿ ಸೇತುವೆ ಮೇಲೆ ನಿಂತು ಕೆಳಗೆ ನೋಡಿ ತಮ್ಮಾ. ಉತ್ತರ ಅಲ್ಲೇ ಹರೀತಿರುತ್ತದೆ. ಕೆಂಪು ರಾಡಿ. ಬೊಗಸೆಯಲ್ಲಿ ನೀರು ತುಂಬಿಕೊಂಡರೆ ಅಂಗೈ ರೇಖೆ ಕಾಣುವುದಿಲ್ಲ. ಬಾಯಿಗೆ ಹಾಕಿದರೆ ಉಪ್ಪೇ ಇರುವುದಿಲ್ಲ. ನಾಲ್ಕು ತಿಂಗಳು ಹೀಗೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೂರು ಕಿಲೋಮೀಟರ್ ಒಳಗೇ ನಾಲ್ಕು ನದಿ ಘಟ್ಟದ ಮಣ್ಣು ತಂದು ಸುರಿಯುತ್ತವೆ. ಅಕ್ಕೋರು ಹೇಳಿದ ಆ ಬಾಡಿಗೆ ಪಾಚಿಗೆ ಬಿಸಿಲು ಬೇಡವಾ?

ಕುಮಟೆ ಅಕ್ಕೋರು:
ನೂರಕ್ಕೆ ನೂರು. ಬಿಸಿಲು, ತಿಳಿನೀರು, ಒಂದೇ ಮಟ್ಟದ ಉಪ್ಪು. ಮೂರೂ ಬೇಕು. ನಮ್ಮಲ್ಲಿ ಮಳೆಗಾಲಕ್ಕೆ ಮೂರೂ ಕೆಡುತ್ತವೆ. ಹವಳದ ಬಾಯಿಗೆ ರಾಡಿ ಕೂತರೆ ಉಸಿರುಕಟ್ಟಿದ ಹಾಗೆ. ದಡದಿಂದ ದೂರ ಇರುವುದರಿಂದಲೇ ನೇತ್ರಾಣಿಯಲ್ಲಿ ಅಷ್ಟಾದರೂ ಉಳಿದಿದೆ.

ಶಿರಸಿ ಮಾಣಿ:
ಹಾಗಾದರೆ ತಪ್ಪು ನಮ್ಮದಾ? ಅಘನಾಶಿನಿ ಹುಟ್ಟುವುದು ನಮ್ಮ ಶಂಕರಹೊಂಡದಲ್ಲಿ. ನಾನು ತೋಟಕ್ಕೆ ಹಾಕಿದ ಮಣ್ಣು ಮಳೆಗೆ ತೊಳೆದು ಹೋದಾಗಲೆಲ್ಲ "ಹೋಗು, ಕುಮಟೆಯವರಿಗೆ ಸಿಗು" ಅಂತಿದ್ದೆ.

ಅಘನಾಶಿನಿ ಬಳಚು:
ತಪ್ಪಲ್ಲವೋ, ಆ ಮಣ್ಣಿನಲ್ಲೇ ನಮ್ಮ ಊಟ. ಇಳಿತ ಆದಾಗ ನದಿ ಬಾಯಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪು) ಹೆಕ್ಕುತ್ತೇವೆ. ಕಾಲಿನ ಹೆಬ್ಬೆರಳಿಗೆ ತಾಗಿದರೆ ಗೊತ್ತಾಗುತ್ತದೆ, ಬಗ್ಗಬೇಕು, ಎತ್ತಬೇಕು. ಅಜ್ಜಿಯ ಕಾಲದಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಹವಳ ಅಲ್ಲಿ ಸುಣ್ಣದ ದಿಬ್ಬ ಕಟ್ಟಿದರೆ ಇಲ್ಲಿ ಬಳಚು, ಕಲ್ವ ಚಿಪ್ಪಿನ ದಿಬ್ಬ ಕಟ್ಟುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇರುವ ಕಡೆ ಗಜನಿ, ಅಂದರೆ ಉಪ್ಪುನೀರಿನ ಗದ್ದೆಯ, ಕಟ್ಟೆ ಅಷ್ಟು ಬೇಗ ಒಡೆಯುವುದಿಲ್ಲ, ಕಡಿದ ಕಡೆ ಪ್ರತಿ ವರ್ಷ ಮಣ್ಣು ಹೊರಬೇಕು. ಇದಕ್ಕೆ ಯಾವ ಪತ್ರಿಕೆಯೂ ಬೇಡ, ನನ್ನ ಸೊಂಟ ಹೇಳುತ್ತದೆ. 2024ರಲ್ಲಿ ನಮ್ಮ ಅಳಿವೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ಅದಾದ ಮೇಲೆ ಕ್ಯಾಮೆರಾದವರು ಬರುವುದು ಜಾಸ್ತಿ ಆಗಿದೆ, ಬಳಚಿನ ರೇಟು ಮಾತ್ರ ಹಾಗೇ ಇದೆ.

ಬೈತಖೋಲದ ಬೋಟು (ಕಾರವಾರ):
ಕಾರವಾರಕ್ಕೆ ತನ್ನಿ ಅಕ್ಕ, ತಿಸ್ರೆ ಅಂತ ಮಾರೋಣ. ಹೆಸರು ಬದಲಾದರೆ ರೇಟೂ ಬದಲಾಗುತ್ತದೆ.

ನಿರ್ವಾಹಕ:
ಮೀನು, ಚಿಪ್ಪಿನ ರೇಟಿಗೆ ಬೇರೆ ಚರ್ಚೆ ಇದೆ. ಇಲ್ಲಿ ಬೇಡ.

ಬೆಂಗಳೂರಲ್ಲಿ ಕಾರವಾರಿ:
ಹವಳ ಬೆಳೆಯಲ್ಲ ಅಂದರೆ ಸುಳ್ಳು ಹವಳ ಮಾಡೋಣ. ಹಳೇ ಬಸ್ಸು, ಹಳೇ ಟೈರು ಕಟ್ಟಿ ಕಡಲಿಗೆ ಬಿಟ್ಟರಾಯಿತು. ಗುಜರಿಗೂ ಗತಿ ಸಿಕ್ಕಿತು, ದಡಕ್ಕೂ.

ಕಲ್ಲು ಜಲ್ಲಿ (ಕಾರವಾರ):
ದಯವಿಟ್ಟು ಟೈರಿನ ಮಾತು ಎತ್ತಬೇಡಿ. 1970ರ ದಶಕದಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಹೀಗೇ ಸುಮಾರು 20 ಲಕ್ಷ ಟೈರು ಮುಳುಗಿಸಿದರು. ಕಟ್ಟಿದ ಕ್ಲಿಪ್ ತುಕ್ಕು ಹಿಡಿದು ಬಿಟ್ಟುಕೊಂಡಿತು. ಟೈರುಗಳು ತಳದಲ್ಲಿ ಉರುಳಾಡಿ ಪಕ್ಕದಲ್ಲಿದ್ದ ನಿಜವಾದ ಹವಳವನ್ನೇ ಉಜ್ಜಿ ಹಾಳು ಮಾಡಿದವು. ಇವತ್ತಿಗೂ ಮುಳುಗುಗಾರರು ಎತ್ತುತ್ತಲೇ ಇದ್ದಾರೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸುತ್ತೇನೆ. ಮೀನು ಸೇರಲಿ ಅಂತ ಇಲಾಖೆಯವರು ಕಾಂಕ್ರೀಟಿನ ತ್ರಿಕೋನ, ಕೊಳವೆ ಎಲ್ಲಾ ಕಡಲಿಗೆ ಇಳಿಸುತ್ತಾರಲ್ಲ, ಅದಕ್ಕೂ ಕೃತಕ ರೀಫ್ (ದಿಬ್ಬ) ಅಂತಲೇ ಹೆಸರು. ಅದು ಮೀನಿಗೆ ಮನೆ. ಆಳದಲ್ಲಿ ಇರುತ್ತದೆ, ಅಲೆಗೆ ಅದು ಗೊತ್ತೇ ಆಗುವುದಿಲ್ಲ. ಅಲೆ ಒಡೆಯಬೇಕಾದರೆ ನೆತ್ತಿ ನೀರಿನ ಮೇಲ್ಮೈ ಹತ್ತಿರ ಬರಬೇಕು, ಅಗಲವೂ ಬೇಕು. ಪುದುಚೇರಿಯಲ್ಲಿ ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿಯವರು ಉಕ್ಕಿನ ದೊಡ್ಡ ಬೆಣೆ ಆಕಾರದ ರೀಫ್ ಮುಳುಗಿಸಿದರು, ಹೋಗಿದ್ದ ಬೀಚು ಸ್ವಲ್ಪ ಮಟ್ಟಿಗೆ ವಾಪಸು ಬಂತು. ನಮ್ಮದೇ ಉಳ್ಳಾಲದಲ್ಲೂ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆಯಲ್ಲಿ ಕಡಲೊಳಗೆ ರೀಫ್ ಕಟ್ಟಿದ್ದಾರೆ. ಆಗುತ್ತದೆ, ಆದರೆ ದುಡ್ಡು.

ಕಡಲಂಚಿನ ಮನೆ (ಹೊನ್ನಾವರ):
ಎಷ್ಟು ದುಡ್ಡು ಸರ್?

ಕಲ್ಲು ಜಲ್ಲಿ (ಕಾರವಾರ):
ಮಾಲ್ದೀವ್ಸ್ ಉದಾಹರಣೆ ಹೇಳುತ್ತೇನೆ. ರಾಜಧಾನಿ ಮಾಲೆಯಲ್ಲಿ ಮನೆ, ರಸ್ತೆ ಕಟ್ಟಲು ಹವಳದ ಕಲ್ಲನ್ನೇ ಕಿತ್ತರು, ದಿಬ್ಬದ ಮೇಲೆ ಮಣ್ಣು ತುಂಬಿ ಊರು ಹಿಗ್ಗಿಸಿದರು. 1987ರಲ್ಲಿ ದೊಡ್ಡ ಅಲೆ ಊರೊಳಗೇ ನುಗ್ಗಿತು. ಆಮೇಲೆ ಜಪಾನಿನ ನೆರವಿನಿಂದ ನಾಲ್ಕು ಕಾಲಿನ ಕಾಂಕ್ರೀಟ್ ಗಟ್ಟಿಗಳನ್ನು ಜೋಡಿಸಿ ಗೋಡೆ ಕಟ್ಟಿದರು. ಕಿಲೋಮೀಟರಿಗೆ ಸುಮಾರು 1 ಕೋಟಿ ಡಾಲರ್ ಅನ್ನುವ ಲೆಕ್ಕವನ್ನು ಈ ಕೆಲಸದವರೆಲ್ಲ ಹೇಳುತ್ತಾರೆ. ಹವಳ ಪುಕ್ಕಟೆ ಮಾಡುತ್ತಿದ್ದ ಕೆಲಸ. ಅದರ ಮೇಲೆ ಹವಳ ಮುರಿದರೆ ತಾನೇ ಬೆಳೆದುಕೊಳ್ಳುತ್ತದೆ, ಕಾಂಕ್ರೀಟು ಬಿರಿದರೆ ಟೆಂಡರ್ ಕರೆಯಬೇಕು.

ಬೈತಖೋಲದ ಬೋಟು (ಕಾರವಾರ):
ಅದಕ್ಕೇ ಕೆಲವರಿಗೆ ಕಾಂಕ್ರೀಟು ಇಷ್ಟ.

ನೇತ್ರಾಣಿ ಡೈವ್ (ಮುರ್ಡೇಶ್ವರ):
ಹವಳ ತಾನೇ ಬೆಳೆದುಕೊಳ್ಳುತ್ತದೆ ಅನ್ನುವ ಮಾತಿಗೆ ಈಗ ಷರತ್ತು ಹಾಕಬೇಕು ಸರ್. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ತನ್ನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024. ಒಂದು ಏಟಿನಿಂದ ಎದ್ದು ನಿಲ್ಲುವಷ್ಟರಲ್ಲಿ ಇನ್ನೊಂದು. ಸತ್ತ ಮೇಲೂ ದಿಬ್ಬ ಕೆಲವು ವರ್ಷ ನಿಂತಿರುತ್ತದೆ. ಹಾಗಾಗಿ ದಡದಲ್ಲಿದ್ದವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಒಳಗೆ ಹುಳ, ಸ್ಪಂಜು ಕೊರೆಯುತ್ತಾ ಇರುತ್ತವೆ. ಗೆದ್ದಲು ಹಿಡಿದ ತೊಲೆ ನೋಡಿದ್ದೀರಲ್ಲ, ಮೇಲೆ ಬಣ್ಣ ಹಾಗೇ ಇರುತ್ತದೆ.

ಕುಮಟೆ ಅಕ್ಕೋರು:
ಲಕ್ಷದ್ವೀಪದ ಬಂಗಾರಂ ಹತ್ತಿರದ ಪರಾಲಿ-1 ಅನ್ನುವ ಪುಟ್ಟ ದ್ವೀಪ ಪೂರ್ತಿ ಸವೆದು ನೀರೊಳಗೆ ಹೋಗಿದೆ ಅಂತ 2017ರಲ್ಲಿ ಸುದ್ದಿ ಆಗಿತ್ತು. ಜನ ಇರದ ದ್ವೀಪ, ಅದಕ್ಕೆ ಯಾರೂ ಅಳಲಿಲ್ಲ.

ಮರಳಿನ ವಿಷಯ ಯಾರೂ ಎತ್ತಲೇ ಇಲ್ಲ ನೋಡಿ. ದಿಬ್ಬ ಅಲೆ ತಡೆಯುವುದು ಒಂದು, ಬೀಚಿಗೆ ಮರಳು ಕೊಡುವುದೂ ಅದೇ. ಗಿಳಿಮೀನು ಅಂತ ಇದೆ, ಗಿಳಿಯ ಕೊಕ್ಕಿನ ಥರ ಹಲ್ಲು. ಹವಳದ ಮೇಲಿನ ಪಾಚಿ ಕೆರೆದು ತಿನ್ನುವಾಗ ಸುಣ್ಣವನ್ನೂ ನುಂಗುತ್ತದೆ, ಹಿಂದಿನಿಂದ ಬಿಳಿ ಮರಳು ಬಿಡುತ್ತದೆ. ಮಾಲ್ದೀವ್ಸ್‌ನ ವಕ್ಕಾರು ದ್ವೀಪದ ಸುತ್ತ ಲೆಕ್ಕ ಹಾಕಿದವರು ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ 85ಕ್ಕಿಂತ ಜಾಸ್ತಿ ಗಿಳಿಮೀನಿನದ್ದೇ ಅಂದರು.

ಶಿರಸಿ ಮಾಣಿ:
ಅಂದರೆ ಜನ ಲಕ್ಷ ಕೊಟ್ಟು ಹನಿಮೂನಿಗೆ ಹೋಗಿ ಮಲಗುವುದು ಮೀನಿನ...

ಕುಮಟೆ ಅಕ್ಕೋರು:
ಹೌದು. ಅದೇ.

ಬೆಂಗಳೂರಲ್ಲಿ ಕಾರವಾರಿ:
ಸುನಾಮಿಯನ್ನೂ ತಡೆಯುತ್ತದಂತೆ? ಶ್ರೀಲಂಕಾದ ಬಗ್ಗೆ ಓದಿದ ನೆನಪು.

ಕಲ್ಲು ಜಲ್ಲಿ (ಕಾರವಾರ):
2004ರಲ್ಲಿ ಪೆರಾಲಿಯಾದಲ್ಲಿ ರೈಲೇ ಕೊಚ್ಚಿ ಹೋಯಿತಲ್ಲ, ಅಲ್ಲಿ ಹವಳ ಕಿತ್ತು ಖಾಲಿಯಾಗಿತ್ತು. ಕೆಲವೇ ಕಿಲೋಮೀಟರ್ ಆಚೆ ಹಿಕ್ಕಡುವಾದಲ್ಲಿ ಹವಳ ಉಳಿದಿತ್ತು, ಅಲ್ಲಿ ನೀರು ಅಷ್ಟು ಎತ್ತರ ಬರಲಿಲ್ಲ. ಇದು ಒಂದು ಕಡೆಯ ಕಥೆ. ಅದೇ ಸುನಾಮಿಯಲ್ಲಿ ಇಂಡೋನೇಷ್ಯಾದ ಆಚೆಹ್ ನೋಡಿದವರು, ದಿಬ್ಬ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ ಅಂದರು. ಸುನಾಮಿಯ ಅಲೆ ಕಿಲೋಮೀಟರ್‌ಗಟ್ಟಲೆ ಉದ್ದ, ಅದು ಅಲೆ ಅನ್ನುವುದಕ್ಕಿಂತ ಕಡಲೇ ಎದ್ದು ಬಂದ ಹಾಗೆ. ದಿನದಿನದ ಅಲೆಯ ಲೆಕ್ಕ ಅದಕ್ಕೆ ಹಾಕಬೇಡಿ.

ಮಂಜಿಯಲ್ಲಿ ಹತ್ತು ವರ್ಷ (ಭಟ್ಕಳ):
ಎಲ್ಲಾ ಸರಿ, ಹೊನ್ನಾವರದ ತಮ್ಮನ ಪ್ರಶ್ನೆಗೆ ಬನ್ನಿ. ನಮ್ಮ ಕಡಲಿಗೂ ಒಂದು ದಿಬ್ಬ ಇದೆ, ಮರಳಿನದ್ದು. ಮಳೆ ಹಿಡಿದ ಮೇಲೆ ಕಡಲು ದಡದ ಮರಳು ಎಳೆದು ಸ್ವಲ್ಪ ದೂರದಲ್ಲಿ ನೀರೊಳಗೆ ಗುಡ್ಡೆ ಹಾಕುತ್ತದೆ. ದೊಡ್ಡ ಅಲೆ ಆ ಗುಡ್ಡೆ ಮೇಲೆ ಒಡೆಯುತ್ತದೆ. ಮಳೆ ಹೋದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನಕ್ಕೆ ದಡಕ್ಕೆ ತಳ್ಳುತ್ತವೆ. "ಆಷಾಢದಲ್ಲಿ ಕಡ ತಗೊಂಡದ್ದು ದೀಪಾವಳಿಗೆ ತೀರಿಸ್ತದೆ" ಅಂತಿದ್ದ ನಮ್ಮಪ್ಪ. ಜುಲೈನಲ್ಲಿ ಫೋಟೋ ಹೊಡೆದು ಬೀಚು ಹೋಯಿತು ಅಂತ ಕೂಗುವುದು, ಡಿಸೆಂಬರಿನಲ್ಲಿ ಫೋಟೋ ಹೊಡೆದು ಬೀಚು ಬಂತು ಅನ್ನುವುದು, ಎರಡೂ ದಡ್ಡತನ.

ಕಲ್ಲು ಜಲ್ಲಿ (ಕಾರವಾರ):
ಅಣ್ಣ ಹೇಳಿದ್ದು ಸರಿ. ಕಲ್ಲು ಹಾಕಿದಾಗ ಆಗಿದ್ದೂ ಅದೇ. ಕಲ್ಲಿನ ಹಿಂದಿನ ಮರಳು ಆ ಲೇವಾದೇವಿಯಿಂದ ಹೊರಗೆ ಉಳಿಯಿತು. ಅಲೆ ಬಂದು ಕಲ್ಲಿಗೆ ಬಡಿದು ಅದೇ ಜೋರಿನಲ್ಲಿ ವಾಪಸು ಹೋಗುತ್ತದೆ, ಬುಡದ ಮರಳು ಕೊರೆದುಕೊಂಡು ಹೋಗುತ್ತದೆ, ಕಲ್ಲು ಕೂರುತ್ತದೆ. ಹವಳದ ದಿಬ್ಬ ಅಲೆಯನ್ನು ದೂರದಲ್ಲೇ ಸುಸ್ತು ಮಾಡುತ್ತದೆ, ನಾವು ಮನೆ ಬಾಗಿಲಿಗೆ ಬಂದ ಮೇಲೆ ಜಗಳಕ್ಕೆ ನಿಲ್ಲುತ್ತೇವೆ. ನಾನೂ ಇಂಥ ಕಲ್ಲಿನ ಕೆಲಸ ಮಾಡಿಸಿದವನೇ. ಮನೆ ಇನ್ನೇನು ಬೀಳುತ್ತದೆ ಅನ್ನುವಾಗ ಬೇರೆ ದಾರಿ ಇರುವುದಿಲ್ಲ. ಆದರೆ ಬೀಚು ಉಳಿಯುತ್ತದೆ ಅಂತ ಅಂದುಕೊಂಡು ಹಾಕಬೇಡಿ.

ಇನ್ನು ನದಿಯ ಮರಳು. ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ನಯವಾದ ಕೆಸರು ದಾಟಿ ಬರುತ್ತದೆ, ದಪ್ಪ ಮರಳು ಅಣೆಕಟ್ಟಿನ ಹಿಂದೆ ಕೂರುತ್ತದೆ. ಬಂದ ಚೂರನ್ನೂ ಅಳಿವೆಯಲ್ಲಿ ಲಾರಿಗೆ ತುಂಬಿದರೆ ಕಡಲು ಎಲ್ಲಿಂದ ತರಬೇಕು?

ಶಿರಸಿ ಮಾಣಿ:
ಅಘನಾಶಿನಿಗೆ ಅಣೆಕಟ್ಟಿಲ್ಲ. ಸುಮ್ನೆ ನೆನಪು ಮಾಡಿದೆ.

ಅಘನಾಶಿನಿ ಬಳಚು:
ಗೊತ್ತು, ಗೊತ್ತು. ನಿನ್ನ ತೋಟದ ಮಣ್ಣು ಬಂದು ತಲುಪಿದೆ.

ಹೊನ್ನಾವರದ ತಮ್ಮಾ, ನಿಮ್ಮಲ್ಲಿ ಮರಳ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ ಉಳಿದಿದೆಯಾ? ಎಲೆ ಮೇಕೆ ಗೊರಸಿನ ಹಾಗೆ ಸೀಳಿರುತ್ತದೆ. ಕಸ ಅಂತ ಕಿತ್ತು ಹಾಕಬೇಡಿ. ಮರಳಿನ ದಿನ್ನೆ ಹಿಡಿದಿಡುವುದು ಅದೇ.

ಕಡಲಂಚಿನ ಮನೆ (ಹೊನ್ನಾವರ):
ಇತ್ತು ಅಕ್ಕ. ಕಲ್ಲಿನ ಲಾರಿ ಓಡಾಡಲು ದಿನ್ನೆ ಸಪಾಟು ಮಾಡಿದರು, ಆವಾಗ ಹೋಯಿತು. ಪಕ್ಕದ ಮನೆಯವರ ಬೇಲಿ ಹತ್ತಿರ ಇನ್ನೂ ಇದೆ. ನಿನ್ನೆ ಮಾವ ಹೋಗಿ ನಾಲ್ಕು ಬಳ್ಳಿ ಕತ್ತರಿಸಿ ತಂದು ಊರಿದ್ದಾರೆ. ಇವರಿಗೆಲ್ಲಾ ಹೇಳಿಕೊಟ್ಟವರು ಯಾರು ಅಂತ ಅತ್ತೆ ನನ್ನನ್ನೇ ಗುರಾಯಿಸುತ್ತಾರೆ.

ಮಂಜಿಯಣ್ಣನ ಮಾತು ಕೇಳಿ ಬಾವಿಕಟ್ಟೆಗೆ ಸುಣ್ಣದ ಗುರುತು ಹಾಕಿದ್ದೇವೆ. ಪ್ರತಿ ಹುಣ್ಣಿಮೆಗೆ ಅಲ್ಲಿಂದ ಭರತದ ಗೆರೆವರೆಗೆ ಎಷ್ಟು ಹೆಜ್ಜೆ ಅಂತ ಬರೆದಿಡುವುದು. ಇವತ್ತು 31.

ಕಲ್ಲು ಜಲ್ಲಿ (ಕಾರವಾರ):
ಟೇಪಿನಲ್ಲಿ ಅಳೆಯಿರಿ ಮಾರಾಯ್ರೆ. ಹೆಜ್ಜೆ ಯಾರದ್ದು, ನಿಮ್ಮದಾ ಮಾವನದಾ?

ಕಡಲಂಚಿನ ಮನೆ (ಹೊನ್ನಾವರ):
ಮಾವನದು. ನಾನು ಹಾಕಿದರೆ 26.

ಬೈತಖೋಲದ ಬೋಟು (ಕಾರವಾರ):
ಮಾವನದೇ ಬರೆದುಕೊಳ್ಳಿ. ಐದು ಹೆಜ್ಜೆ ಲಾಭ.